ಜನ ಇರುವ ಮನೆಯಲ್ಲಿ ದೆವ್ವ ಹುಡುಕಲು ಹೊರಟಾಗ: ಏನು ನೋಡಬೇಕು, ಏನು ಮಾಡಬಾರದು?

ಘಟಪ್ರಭಾ_ದಂಡೆ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಗೆಳೆಯರು ಸೇರಿ, ದೆವ್ವ ಇದೆ ಅಂತ ಹೆಸರು ಬಿದ್ದ ಜಾಗಗಳಿಗೆ ಹೋಗಿ ನೋಡುತ್ತೇವೆ. ಇಷ್ಟು ದಿನ ಹೋಗಿದ್ದೆಲ್ಲ ಬಯಲು ಜಾಗಗಳು. ಈಗ ಜನ ವಾಸವಿರುವ ಮನೆಯಿಂದಲೇ ಕರೆ ಬಂದಿದೆ. ಬಾದಾಮಿ ಕಡೆಯ ಹಳ್ಳಿ, ಹಳೆಯ ಮಾಳಿಗೆ ಮನೆ. ಅಜ್ಜ, ಅಜ್ಜಿ, ಮಗ, ಸೊಸೆ, ಇನ್ನೂ ತಿಂಗಳ ಕೂಸು.

ಅವರು ಹೇಳುವುದು ಇಷ್ಟು. ರಾತ್ರಿ ಮಾಳಿಗೆ ಮೇಲೆ ಯಾರೋ ಅಡ್ಡಾಡಿದ ಸಪ್ಪಳ. ಅಡುಗೆಮನೆಯಲ್ಲಿ ಪಾತ್ರೆಗಳು ತಾವೇ ಅಲುಗಾಡುತ್ತವೆ. ಸೊಸೆಗೆ ನಿದ್ದೆಯಲ್ಲಿ ಎದೆ ಮೇಲೆ ಯಾರೋ ಕೂತಂತೆ ಆಗುತ್ತದೆ. ಅಜ್ಜನಿಗೆ ಸಂಜೆ ಹೊತ್ತು ಪಡಸಾಲೆಯಲ್ಲಿ ಮಂದಿ ಕೂತಂತೆ ಕಾಣುತ್ತಾರೆ. ಈಗಾಗಲೇ ಒಬ್ಬ ಮಂತ್ರವಾದಿ ಬಂದು, "ಓಣಿಯೊಳಗಿನ ಒಬ್ಬ ಹೆಣ್ಮಗಳು ಮಾಟ ಮಾಡಿಸ್ಯಾಳ" ಅಂತ ಹೇಳಿ ದೊಡ್ಡ ಮೊತ್ತ ಕೇಳಿ ಹೋಗಿದ್ದಾನೆ. ಮಗನಿಗೆ ಅದು ಸರಿ ಅನಿಸಿಲ್ಲ, ಅದಕ್ಕೆ ನಮ್ಮನ್ನು ಕರೆದಿದ್ದಾನೆ.

ನಮ್ಮ ಹತ್ತಿರ ಕ್ಯಾಮೆರಾ, ವಾಯ್ಸ್ ರೆಕಾರ್ಡರ್, ಇಎಂಎಫ್ ಮೀಟರ್ ಇವೆ. ಆದರೆ ಪಾಳು ಮನೆ ಬೇರೆ, ಕೂಸು ಮಲಗಿರುವ ಮನೆ ಬೇರೆ. ಹೇಗೆ ಮುಂದುವರಿಯಬೇಕು? ಗೊತ್ತಿದ್ದವರು ಹೇಳಿ.

ಗೌಂಡಿ_ಇಳಕಲ್

ತಮ್ಮಾ, ಮೊದಲು ಹಗಲು ಹೋಗು. ರಾತ್ರಿ ಬೇಡ. ಮನೆಯನ್ನು ಮನೆಯಾಗಿ ನೋಡು.

ಮಾಳಿಗೆ ಮನೆ ಅಂದರೆ ಕಟ್ಟಿಗೆ ತೊಲೆ, ಜಂತಿ, ಮೇಲೆ ಮಣ್ಣು. ನಮ್ಮ ಕಡೆ ಬೇಸಿಗೆ ಹಗಲು ಕಾದು, ರಾತ್ರಿ ತಂಪಾಗುತ್ತದೆ. ಕಾದಾಗ ಕಟ್ಟಿಗೆ ಹಿಗ್ಗುತ್ತದೆ, ತಂಪಾದಾಗ ಕುಗ್ಗುತ್ತದೆ. ಆಗ ಟಕ್, ಟಕ್ ಅಂತ ಸಪ್ಪಳ ಬರುತ್ತದೆ. ಸಾಲಾಗಿ ಇರುವ ಜಂತಿಗಳು ಒಂದರ ಹಿಂದೆ ಒಂದು ಸದ್ದು ಮಾಡಿದರೆ ಕೆಳಗೆ ಮಲಗಿದವರಿಗೆ ಯಾರೋ ನಡೆದಂತೆಯೇ ಕೇಳುತ್ತದೆ. ಗೆದ್ದಲು ತಿಂದ ತೊಲೆ ಇದ್ದರೆ ಸದ್ದು ಇನ್ನೂ ಜಾಸ್ತಿ. ಅದು ದೆವ್ವಕ್ಕಿಂತ ದೊಡ್ಡ ಅಪಾಯ, ಯಾಕಂದರೆ ಮಳೆಗಾಲದಲ್ಲಿ ಮಣ್ಣು ನೀರು ಕುಡಿದು ಭಾರವಾದಾಗ ಅದೇ ಮಾಳಿಗೆ ಕುಸಿಯುತ್ತದೆ. ಪ್ರತಿ ಮಳೆಗಾಲ ಸುದ್ದಿ ಓದುತ್ತೇವೆ ಅಲ್ವಾ?

ಇನ್ನೊಂದು, ಹೆಗ್ಗಣ, ಬೆಕ್ಕು, ಪುನುಗು ಬೆಕ್ಕು. ಇವೆಲ್ಲ ರಾತ್ರಿ ಮಾಳಿಗೆ ಹತ್ತುತ್ತವೆ. ಸಂಜೆ ಮೇಲೆ ತೆಳ್ಳಗೆ ಬೂದಿ ಉದುರಿಸಿ, ಬೆಳಿಗ್ಗೆ ಹೆಜ್ಜೆ ಗುರುತು ನೋಡು. ಆದರೆ ಉದುರಿಸುವ ಮೊದಲು ಮನೆಯವರಿಗೂ ಬಾಜು ಮನೆಯವರಿಗೂ ಹೇಳು. ಹೇಳದೆ ಬೂದಿ ಹಾಕಿದರೆ ಅದನ್ನೇ ಮಾಟ ಅಂದುಕೊಳ್ಳುತ್ತಾರೆ.

ಹಳೆಯ ಮನೆಯಲ್ಲಿ ಹಗೇವು ಇರಬಹುದು, ಕಾಳು ತುಂಬುವ ನೆಲದೊಳಗಿನ ಗುಂಡಿ. "ಒಳಗಿಂದ ಸದ್ದು ಬರತದ" ಅಂತ ಯಾರಾದರೂ ಅಂದರೆ ಕ್ಯಾಮೆರಾ ಹಿಡಿದು ಇಳಿಯಬೇಡ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ಕಡಿಮೆ ಆಗಿರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಒಬ್ಬ ಇಳಿದು ಬಿದ್ದರೆ, ಎತ್ತಲು ಇಳಿದವನೂ ಬೀಳುತ್ತಾನೆ. ಹಿರಿಯರು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಖಂಡಿತ ಇಳಿಯಬಾರದು. ಆರಲಿಲ್ಲ ಅಂದ ಮಾತ್ರಕ್ಕೆ ಸುರಕ್ಷಿತ ಅಂತಲೂ ಅಲ್ಲ.

ವೈರಿಂಗ್_ಕೆಲಸ_ವಿಜಯಪುರ

ಗೌಂಡಿ ಅಣ್ಣ ಹೇಳಿದ್ದು ಸರಿ. ನನ್ನದೊಂದು ಮಾತು ಇಎಂಎಫ್ ಮೀಟರ್ ಬಗ್ಗೆ. ಅದು ದೆವ್ವ ಹಿಡಿಯುವ ಯಂತ್ರ ಅಲ್ಲ. ಅದು ತೋರಿಸುವುದು ವಿದ್ಯುತ್ಕಾಂತೀಯ ಕ್ಷೇತ್ರವನ್ನು. ಗೋಡೆಯೊಳಗಿನ ವೈರ್, ಮೋಟರ್, ಫ್ರಿಜ್, ಇನ್ವರ್ಟರ್, ನಿಮ್ಮ ಜೇಬಿನ ಮೊಬೈಲ್ ಎಲ್ಲಕ್ಕೂ ಮುಳ್ಳು ಏಳುತ್ತದೆ. ಮೊಬೈಲ್‌ನ ದೆವ್ವದ ಆ್ಯಪ್‌ಗಳಲ್ಲಿ ಕೆಲವು ದಿಕ್ಸೂಚಿಗೆ ಇರುವ ಸೆನ್ಸರ್ ಬಳಸುತ್ತವೆ. ಕಬ್ಬಿಣದ ಕಪಾಟಿನ ಹತ್ತಿರ ಹೋದರೆ ಸಾಕು, ಕೂಗುತ್ತವೆ.

ಆ ಮೀಟರ್‌ಗೆ ಒಂದು ಒಳ್ಳೆಯ ಉಪಯೋಗ ಇದೆ. ಮುಳ್ಳು ಎದ್ದ ಕಡೆ ಗುರುತು ಹಾಕಿ, ಲೈಸೆನ್ಸ್ ಇರುವ ವೈರ್‌ಮನ್ ಕರೆದು ತೋರಿಸಿ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ. ನಲ್ಲಿ ಮುಟ್ಟಿದರೆ ಜುಮ್ ಅನ್ನುವುದು, ಬಲ್ಬ್ ತಾನೇ ಮಂಕಾಗುವುದು, ಇವನ್ನು ಎಷ್ಟೋ ಮನೆಯಲ್ಲಿ ಗಾಳಿ ಲೆಕ್ಕಕ್ಕೆ ಹಾಕಿರುತ್ತಾರೆ. ಹೊಲದ ಸಾಲಿನಲ್ಲಿ ಮನೆ ಇದ್ದರೆ ರಾತ್ರಿ ತ್ರೀ ಫೇಸ್ ಬಂದ ಕೂಡಲೇ ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾಗಿ ವೋಲ್ಟೇಜ್ ಬೀಳುತ್ತದೆ, ಪೈಪು ನಡುಗುತ್ತದೆ. ನೀವು ಹೋದಾಗ ಮೇನ್ ಸ್ವಿಚ್ ಎಲ್ಲಿದೆ ಅಂತ ಮೊದಲು ನೋಡಿಕೊಳ್ಳಿ.

ನರ್ಸಕ್ಕ_ಬೆಳಗಾವಿ

ನನಗೆ ಈ ಬರಹ ಓದಿದ ಕೂಡಲೇ ತಲೆಗೆ ಬಂದದ್ದು ತಿಂಗಳ ಕೂಸು ಅನ್ನುವ ಮಾತು. ದಯವಿಟ್ಟು ಇದನ್ನು ಪೂರ್ತಿ ಓದಿ.

ಬಾಣಂತಿ ಕೋಣೆಯಲ್ಲಿ ಶೇಗಡಿ ಇಡುತ್ತಾರಾ? ಕೆಂಡ ಹಾಕಿ, ಲೋಬಾನ ಹಾಕಿ, ಗಾಳಿ ತಾಗಬಾರದು ಅಂತ ಕಿಟಕಿ ಬಾಗಿಲು ಮುಚ್ಚುತ್ತಾರಾ? ಹಾಗಿದ್ದರೆ ನಿಮ್ಮ ರಾತ್ರಿ ತನಕ ಕಾಯಬೇಡಿ. ಇವತ್ತೇ ಮಗನಿಗೆ ಫೋನ್ ಮಾಡಿ ಶೇಗಡಿ ಹೊರಗಿಡಿಸಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ, ಅದೂ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ. ತಲೆನೋವು, ವಾಕರಿಕೆ, ಎದೆ ಭಾರ, ಗಲಿಬಿಲಿ, ಇಲ್ಲದ್ದು ಕಂಡಂತೆ ಆಗುವುದು, ಕೊನೆಗೆ ಸಾವು. ಬಚ್ಚಲಿನ ಗ್ಯಾಸ್ ಗೀಸರ್‌ನಿಂದಲೂ ಇದೇ ಆಗುತ್ತದೆ. ಮನೆಯಲ್ಲಿದ್ದಾಗ ತೊಂದರೆ, ತವರಿಗೆ ಹೋದ ಕೂಡಲೇ ಆರಾಮ ಅಂದರೆ ಜನ "ಮನೆಯಾಗ ಏನೋ ಅದ" ಅನ್ನುತ್ತಾರೆ. ಹೌದು, ಇರುತ್ತದೆ. ಗಾಳಿಯಲ್ಲಿ ಇರುತ್ತದೆ.

ಇದು ಊಹೆ ಅಲ್ಲ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ ಒಂದು ಕುಟುಂಬದ ಕಥೆಯನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹೊಸದಾಗಿ ಹೋದ ಮನೆಯಲ್ಲಿ ಹೆಜ್ಜೆ ಸಪ್ಪಳ, ಯಾರೋ ಇದ್ದಂತೆ ಅನಿಸುವುದು, ತಲೆನೋವು, ಗಿಡಗಳೂ ಬಾಡುವುದು. ಕೊನೆಗೆ ನೋಡಿದರೆ ಮನೆ ಬೆಚ್ಚಗಿಡುವ ಕುಲುಮೆ ಕೆಟ್ಟು ಹೊಗೆ ಒಳಗೇ ಬರುತ್ತಿತ್ತು. ನಿಮ್ಮ ತಂಡ ಮುಂದೆ ಏನಾದರೂ ಕೊಳ್ಳುವುದಿದ್ದರೆ ಮೊದಲು ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೊಳ್ಳಿ.

ಎದೆ ಮೇಲೆ ಕೂತಂತೆ ಆಗುವುದಕ್ಕೆ ನಿದ್ರಾ ಪಾರ್ಶ್ವವಾಯು ಕೂಡ ಕಾರಣ ಇರಬಹುದು. ಕನಸು ಬೀಳುವ ನಿದ್ದೆಯಲ್ಲಿ ಮೈ ಸಡಿಲವಾಗಿರುತ್ತದೆ. ಎಚ್ಚರ ಮೊದಲು ಬಂದು ಮೈ ಇನ್ನೂ ಏಳದಿದ್ದರೆ ಅಲುಗಾಡಲು ಆಗಲ್ಲ, ಕೂಗಲು ಆಗಲ್ಲ, ಯಾರೋ ಕೋಣೆಯಲ್ಲಿ ಇದ್ದಂತೆ ಅನಿಸುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಬಿಡುತ್ತದೆ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಜಾಸ್ತಿ. ತಿಂಗಳ ಕೂಸಿನ ತಾಯಿಗೆ ನಿದ್ದೆ ಎಲ್ಲಿಂದ ಬರಬೇಕು?

ಆದರೆ ಇನ್ನೊಂದು ಸಾಧ್ಯತೆ ಮರೆಯಬೇಡಿ. ಆಕೆ ನಿದ್ದೆಯನ್ನೇ ಬಿಟ್ಟಿದ್ದರೆ, ಸಂಬಂಧ ಇಲ್ಲದ ಮಾತಾಡುತ್ತಿದ್ದರೆ, ಕೂಸಿನ ಬಗ್ಗೆ ವಿಚಿತ್ರ ಭಯ ಹೇಳುತ್ತಿದ್ದರೆ, ಅದು ಬಾಣಂತಿ ಸನ್ನಿ ಇರಬಹುದು. ಅದು ತುರ್ತು. ಅವತ್ತೇ ಆಸ್ಪತ್ರೆ. ತಾಯಿಗೂ ಕೂಸಿಗೂ ಅಪಾಯ ಇರುತ್ತದೆ, ಚಿಕಿತ್ಸೆ ಕೊಟ್ಟರೆ ಚೆನ್ನಾಗಿ ಗುಣ ಆಗುತ್ತದೆ. ಅಂಥ ಹೆಣ್ಣುಮಗಳ ಮುಂದೆ ಕ್ಯಾಮೆರಾ ಇಟ್ಟು "ನೀನ್ಯಾರು, ಯಾಕ ಬಂದಿ?" ಅಂತ ಕೇಳುವುದು ಹಿಂಸೆ.

ಅಜ್ಜನ ಕಣ್ಣು ತೋರಿಸಿದ್ದಾರಾ? ದೃಷ್ಟಿ ಮಂಜಾದ ವಯಸ್ಸಾದವರಿಗೆ ಇಲ್ಲದ ಮನುಷ್ಯರು, ಮಕ್ಕಳು, ಚಿತ್ತಾರ ಕಾಣುವುದುಂಟು. ಬುದ್ಧಿ ಸರಿಯಾಗಿಯೇ ಇರುತ್ತದೆ. ಇದನ್ನು 1760ರಲ್ಲೇ ಸ್ವಿಸ್ ವಿಜ್ಞಾನಿ ಶಾರ್ಲ್ ಬೊನೆ ತನ್ನ ಅಜ್ಜನಲ್ಲಿ ಕಂಡು ಬರೆದಿದ್ದ, ಅವನ ಹೆಸರೇ ಆ ಸಮಸ್ಯೆಗೆ ಬಂದಿದೆ. ಅಜ್ಜನಿಗೆ "ನಿನಗ ಹುಚ್ಚು ಹಿಡದದ" ಅನ್ನಬೇಡಿ, "ದೆವ್ವ ಕಂಡಿ" ಅಂತಲೂ ಅನ್ನಬೇಡಿ. ಕಣ್ಣಿನ ಡಾಕ್ಟರ್ ಹತ್ತಿರ ಕರೆದೊಯ್ಯಲು ಹೇಳಿ. ಹೊಸದಾಗಿ ಶುರುವಾದ ಗಲಿಬಿಲಿ, ಜ್ವರ, ಮರೆವು ಇದ್ದರೆ ಸಾಮಾನ್ಯ ವೈದ್ಯರಿಗೂ ತೋರಿಸಬೇಕು.

ಕ್ಯಾಮೆರಾ_ಹುಡುಗ_ಗೋಕಾಕ

ಅಕ್ಕಾ, ಮಾಹಿತಿ ತುಂಬಾ ಚೆನ್ನಾಗಿದೆ. ಆದರೆ ವಿಡಿಯೋ ಮಾಡಿದರೆ ತಪ್ಪೇನು? ಮನೆಯವರೇ ಒಪ್ಪಿದರೆ? ನಾಲ್ಕು ಜನ ನೋಡಿದರೆ ಅವರಿಗೂ ಅರಿವು ಬರುತ್ತದೆ. ಚಾನೆಲ್ ಇಲ್ಲದೆ ಈ ಕೆಲಸಕ್ಕೆ ಪೆಟ್ರೋಲ್ ದುಡ್ಡು ಎಲ್ಲಿಂದ ಬರಬೇಕು?

ವಕೀಲ_ಜಮಖಂಡಿ

ಗೋಕಾಕದ ತಮ್ಮಾ, ಒಪ್ಪಿದ್ದು ಯಾರು ಅನ್ನುವುದೇ ಪ್ರಶ್ನೆ. ಮಗ ಒಪ್ಪಿದ. ಸೊಸೆ ಒಪ್ಪಿದಳಾ? ಮಾವ, ಗಂಡನ ಎದುರು ಕೇಳಿದರೆ ಆಕೆ ಹೂಂ ಅನ್ನುತ್ತಾಳೆ, ಅದು ಒಪ್ಪಿಗೆ ಅಲ್ಲ. ಆಕೆಯನ್ನು ಬೇರೆಯಾಗಿ, ಹೆಣ್ಣುಮಗಳೊಬ್ಬಳು ಕೂತು ಕೇಳಬೇಕು. ತಂಡದಲ್ಲಿ ಹೆಂಗಸರಿಲ್ಲ ಅಂದರೆ ಬಾಣಂತಿ ಇರುವ ಮನೆಯಲ್ಲಿ ರಾತ್ರಿ ಉಳಿಯುವ ಯೋಚನೆಯನ್ನೇ ಬಿಡಿ. ಮಕ್ಕಳ ಮುಖ, ಮನೆಯ ಮುಂಬಾಗಿಲು, ಓಣಿಯ ಗುರುತು ಯಾವುದೂ ಹೊರಗೆ ಹೋಗಬಾರದು. ಒಮ್ಮೆ "ದೆವ್ವದ ಮನೆ" ಅಂತ ಹೆಸರು ಬಿದ್ದರೆ ಆ ಮನೆಯ ಹುಡುಗಿಗೆ ಸಂಬಂಧ ಬರಲ್ಲ, ಮನೆ ಮಾರಾಟ ಆಗಲ್ಲ, ಬಾಡಿಗೆಗೆ ಯಾರೂ ಬರಲ್ಲ. ನಿಮ್ಮ ವಿಡಿಯೋ ಜನ ಮರೆಯುತ್ತಾರೆ, ಹೆಸರು ಉಳಿಯುತ್ತದೆ. ನನ್ನ ಪ್ರಕಾರ ರೆಕಾರ್ಡಿಂಗ್ ಮನೆಯವರ ಸ್ವತ್ತು. ಕೆಲಸ ಮುಗಿದ ಮೇಲೆ ಅವರಿಗೆ ಕೊಟ್ಟು ನಿಮ್ಮಲ್ಲಿರುವುದನ್ನು ಅಳಿಸಿ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಎಲ್ಲ ಹಿರಿಯರ ಸಹಿ ತೆಗೆದುಕೊಳ್ಳಿ. ಯಾವ ಕೋಣೆಗೆ ಹೋಗಬಹುದು, ಎಷ್ಟು ಹೊತ್ತು, ಯಾವಾಗ ಬೇಕಾದರೂ "ಸಾಕು, ಹೋಗಿ" ಅನ್ನುವ ಹಕ್ಕು ಅವರಿಗೆ ಇದೆ ಅಂತ ಅದರಲ್ಲಿ ಇರಲಿ.

ಈಗ ಕಾನೂನು. ನಮ್ಮ ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆ ಇದೆ. 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ನಿಧಿ ಹೆಸರಿನಲ್ಲಿ ಅಮಾನುಷ ಕೆಲಸ ಮಾಡುವುದು, ಇಂಥವೆಲ್ಲ ಅಪರಾಧ. 1ರಿಂದ 7 ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ. ಮಂತ್ರವಾದಿ ಮತ್ತೆ ಬಂದು ಸೊಸೆಯ ಮೈ ಮುಟ್ಟಿದರೆ ಮನೆಯವರು 112ಕ್ಕೆ ಫೋನ್ ಮಾಡಲಿ. ನೀವು ಅಲ್ಲಿ ನಿಂತು ಶೂಟಿಂಗ್ ಮಾಡುತ್ತಿದ್ದರೆ ನಿಮ್ಮ ಮೇಲೂ ಪ್ರಶ್ನೆ ಬರುತ್ತದೆ.

"ದೆವ್ವ ನಿಧಿ ಕಾಯತೈತಿ" ಅಂತ ಪಡಸಾಲೆ ಅಗೆಸುವವರೂ ನಮ್ಮ ಭಾಗದಲ್ಲಿ ಉಂಟು. ನೆಲ ಅಗೆದರೆ ಗೋಡೆಯ ಬುನಾದಿ ಸಡಿಲವಾಗುತ್ತದೆ. ನಿಜವಾಗಿ ಏನಾದರೂ ಸಿಕ್ಕರೂ 1962ರ ಕರ್ನಾಟಕ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಪೆಟ್ರೋಲ್ ದುಡ್ಡಿನ ಬಗ್ಗೆ: ಕೈಯಿಂದ ಹಾಕಲು ಆಗದಿದ್ದರೆ ಹೋಗಬೇಡಿ. ಮನೆಯವರಿಂದ ಒಂದು ರೂಪಾಯಿ ತೆಗೆದುಕೊಂಡರೂ, ಏನಾದರೂ ಸಿಗಲೇಬೇಕು ಅನ್ನುವ ಒತ್ತಡ ನಿಮ್ಮ ಮೇಲೆ ಬರುತ್ತದೆ.

ಹಿರಿಯ_ಜೀವ_ಬಸವನ ಬಾಗೇವಾಡಿ

ನಾನು ದೇವರನ್ನು ನಂಬುವವ. ಹಿರಿಯರ ಆತ್ಮವನ್ನೂ ನಂಬುತ್ತೇನೆ. ಆದರೂ ಮೇಲಿನವರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಒಂದು ಸೇರಿಸುತ್ತೇನೆ. ಹೋದ ಮನೆಯಲ್ಲಿ ದೇವರ ಜಗಲಿ ಇರುತ್ತದೆ, ತೀರಿಹೋದವರ ಫೋಟೋ ಇರುತ್ತದೆ. ಚಪ್ಪಲಿ ಹೊರಗೆ ಬಿಡಿ. ದೇವರ ಕೋಣೆಗೆ ಕೇಳದೆ ಹೋಗಬೇಡಿ. ಅವರು ಕಟ್ಟಿದ ಲಿಂಬೆಹಣ್ಣು, ತಾಯತ ಕಿತ್ತು "ಇದೆಲ್ಲ ಸುಳ್ಳು" ಅಂತ ಸಾಹಸ ತೋರಿಸಬೇಡಿ. ಟಿವಿಯಲ್ಲಿ ತೋರಿಸಿದಂತೆ "ಧೈರ್ಯ ಇದ್ದರ ಎದುರಿಗೆ ಬಾ" ಅಂತ ಕೂಗುವುದೂ ಬೇಡ. ಆ ಅಜ್ಜಿ ಕೇಳಿಸಿಕೊಳ್ಳುತ್ತಾಳೆ. ನೀವು ಹೋದ ಮೇಲೆ ಆಕೆ ಅದೇ ಮನೆಯಲ್ಲಿ ಮಲಗಬೇಕು.

ವಿಜ್ಞಾನ_ಮೇಷ್ಟ್ರು_ವಿಜಯಪುರ

ಸಾಕ್ಷಿ ಕಲೆಹಾಕುವ ಬಗ್ಗೆ ಬರೆಯುತ್ತೇನೆ, ಅದನ್ನು ಯಾರೂ ಮುಟ್ಟಿಲ್ಲ.

ರಾತ್ರಿ ಉಳಿಯುವುದಕ್ಕಿಂತ ಒಂದು ನೋಟ್‌ಬುಕ್ ಕೊಟ್ಟು ಬನ್ನಿ. ಸದ್ದು ಬಂದಾಗ ಗಡಿಯಾರ ನೋಡಿ ಬರೆಯಲಿ: ಎಷ್ಟು ಹೊತ್ತಿಗೆ, ಯಾವ ಕೋಣೆ, ಯಾರು ಎಚ್ಚರ ಇದ್ದರು, ಕರೆಂಟ್ ಇತ್ತಾ, ಮಳೆ ಗಾಳಿ ಇತ್ತಾ. ಏನೂ ಆಗದ ರಾತ್ರಿಯನ್ನೂ ಬರೆಯಲಿ, ಅದು ಬಹಳ ಮುಖ್ಯ. ಕೆಲವು ವಾರ ಕಳೆದ ಮೇಲೆ ಆ ಪುಟಗಳೇ ಮಾತಾಡುತ್ತವೆ. ನಿಮ್ಮ ಕಡೆ ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ರಾತ್ರಿಯಿಡೀ ಓಡುತ್ತವೆ. ರಸ್ತೆ ಪಕ್ಕದ ಮಣ್ಣಿನ ಮನೆಯಲ್ಲಿ ಪಾತ್ರೆ ಅಲುಗಾಡಲು ಅಷ್ಟು ಸಾಕು. ಕಲ್ಲು ಗಣಿಯ ಸಿಡಿತವನ್ನೂ ಕೇಳಿ ತಿಳಿಯಿರಿ.

ಭೂಕಂಪವನ್ನೂ ಮರೆಯಬೇಡಿ. ವಿಜಯಪುರ ಸುತ್ತ 2021, 2022ರಲ್ಲಿ ಹಲವು ಬಾರಿ ನೆಲ ನಡುಗಿತು. 2022ರ ಜುಲೈ 9ರ ಬೆಳಿಗ್ಗೆ ಆದದ್ದು 4.4 ತೀವ್ರತೆಯದು. ಸಣ್ಣ ಕಂಪನಗಳಲ್ಲಿ ನೆಲದೊಳಗಿಂದ ಗುಡುಗಿದಂತೆ ಸದ್ದು ಬರುತ್ತದೆ, ಪಾತ್ರೆ ಬೀಳುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರದ ಪಟ್ಟಿಯಲ್ಲಿ ದಿನ, ಸಮಯ ಇರುತ್ತದೆ. ನೋಟ್‌ಬುಕ್ ಜೊತೆ ಹೋಲಿಸಿ.

ಸದ್ದು ಎಲ್ಲಿಂದ ಬಂತು ಅನ್ನುವುದರಲ್ಲಿ ಕಿವಿಯನ್ನು ಪೂರ್ತಿ ನಂಬಬೇಡಿ. ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದೊಯ್ದಾಗ ಇದನ್ನೇ ತೋರಿಸುತ್ತೇನೆ. ಗ್ಯಾಲರಿಯ ಒಂದು ಬದಿ ಗೋಡೆಗೆ ಬಾಯಿ ಹತ್ತಿಸಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ನಿಂತವರ ಕಿವಿಯಲ್ಲೇ ಹೇಳಿದಂತೆ ಕೇಳುತ್ತದೆ. ಬಾಗಿದ ಗೋಡೆಯ ಗುಂಟ ಸದ್ದು ಸಾಗುತ್ತದೆ. 1656ರಲ್ಲಿ ಮುಗಿದ ಕಟ್ಟಡ, ಇವತ್ತಿಗೂ ಮಕ್ಕಳು ಬೆಚ್ಚಿ ಹಿಂದೆ ತಿರುಗಿ ನೋಡುತ್ತಾರೆ. ಓಣಿಯ ಕಲ್ಲುಗೋಡೆ, ಖಾಲಿ ಕೋಣೆ, ಬಾವಿ ಇವೂ ತಮ್ಮ ಮಟ್ಟಿಗೆ ಸದ್ದಿನ ದಿಕ್ಕು ತಪ್ಪಿಸುತ್ತವೆ.

ಕೇಳಿಸದ ಸದ್ದಿನ ಬಗ್ಗೆಯೂ ಜನ ಹೇಳುತ್ತಾರೆ. ಇಂಗ್ಲೆಂಡಿನ ಎಂಜಿನಿಯರ್ ವಿಕ್ ಟ್ಯಾಂಡಿ 1998ರಲ್ಲಿ ಬರೆದದ್ದು ಪ್ರಸಿದ್ಧ. ಪ್ರಯೋಗಾಲಯದ ಫ್ಯಾನ್ ಒಂದರಿಂದ ಸುಮಾರು 19 ಹರ್ಟ್ಸ್ ಕಂಪನ ಬರುತ್ತಿತ್ತು, ಅದು ನಿಂತ ಮೇಲೆ ಅಂಜಿಕೆಯೂ ನಿಂತಿತು. ಆದರೆ ಎಲ್ಲ ಮನೆಗೂ ಇದೇ ಉತ್ತರ ಅಂತ ಯಾರೂ ಸಾಬೀತು ಮಾಡಿಲ್ಲ. ಎಲ್ಲವನ್ನೂ "ಇನ್‌ಫ್ರಾಸೌಂಡ್" ಅನ್ನುವುದೂ, ಎಲ್ಲವನ್ನೂ "ಗಾಳಿ" ಅನ್ನುವುದೂ ಒಂದೇ ರೀತಿಯ ಅವಸರ.

ಮನೆಯವರ ಮಾತನ್ನು ಒಬ್ಬೊಬ್ಬರಿಂದ ಬೇರೆಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ಎಲ್ಲರದೂ ಅಜ್ಜಿಯ ಕಥೆಯೇ ಆಗುತ್ತದೆ. "ಬಿಳಿ ಸೀರೆ ಇತ್ತಾ?" ಅಂತ ಕೇಳಬೇಡಿ, "ಏನು ಕಂಡಿತು?" ಅಂತ ಕೇಳಿ. ರೆಕಾರ್ಡರ್‌ನಲ್ಲಿ ಏನಾದರೂ ದನಿ ಸಿಕ್ಕರೆ, ಅದರಲ್ಲಿ ಏನಿದೆ ಅಂತ ಹೇಳದೆ ಹಲವರಿಗೆ ಕೇಳಿಸಿ, ಕೇಳಿದ್ದನ್ನು ಬರೆದುಕೊಡಲು ಹೇಳಿ. "ಇದು ‘ಹೋಗು’ ಅಂತದೆ" ಅಂತ ಮೊದಲೇ ಹೇಳಿದರೆ ಎಲ್ಲರಿಗೂ ಹಾಗೇ ಕೇಳುತ್ತದೆ. ಫೋಟೋದಲ್ಲಿ ಕಾಣುವ ಬಿಳಿ ಗುಂಡುಗಳು ಕ್ಯಾಮೆರಾ ಹತ್ತಿರದ ಧೂಳು, ಹುಳ. ಫ್ಲಾಶ್ ಬೆಳಕು ಬಿದ್ದು ಹೊಳೆಯುತ್ತವೆ. ಮಣ್ಣಿನ ಮನೆಯಲ್ಲಿ ಧೂಳಿಗೇನು ಕೊರತೆ?

ಘಟಪ್ರಭಾ_ದಂಡೆ (ಬಾಗಲಕೋಟೆ)

ಎಲ್ಲರಿಗೂ ಧನ್ಯವಾದ. ನರ್ಸಕ್ಕಾ, ಮಗನಿಗೆ ಫೋನ್ ಮಾಡಿದೆ. ಶೇಗಡಿ ಇಡುತ್ತಾರೆ, ಹೊರಗೆ ಇಡಿಸಲು ಒಪ್ಪಿದ್ದಾನೆ. ತಾಯಿ ಕೂಸನ್ನು ನಾಳೆಯೇ ಡಾಕ್ಟರ್‌ಗೆ ತೋರಿಸುತ್ತಾನೆ. ಇನ್ನು ಎರಡು ಪ್ರಶ್ನೆ. ನಮಗೆ ಕಾರಣ ಸಿಗದೆ ಹೋದರೆ ಏನು ಹೇಳಬೇಕು? ಮತ್ತೆ, ಆ ಓಣಿಯ ಹೆಣ್ಣುಮಗಳ ಹೆಸರು ಈಗಾಗಲೇ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಅದಕ್ಕೇನು ಮಾಡುವುದು?

ವಿಜ್ಞಾನ_ಮೇಷ್ಟ್ರು_ವಿಜಯಪುರ

ಮೊದಲನೆಯದಕ್ಕೆ ಉತ್ತರ ಸುಲಭ. "ಇದು ಇದರಿಂದ, ಇದು ಇದರಿಂದ. ಈ ಒಂದಕ್ಕೆ ಕಾರಣ ನಮಗೆ ಸಿಗಲಿಲ್ಲ" ಅನ್ನಿ. ಸಿಗಲಿಲ್ಲ ಅಂದರೆ ದೆವ್ವ ಇದೆ ಅಂತ ಅಲ್ಲ, ಅದನ್ನೂ ಬಿಡಿಸಿ ಹೇಳಿ. "ಇಲ್ಲಿ ಏನೋ ಶಕ್ತಿ ಇದೆ" ಅಂತ ಅರ್ಧ ಮಾತು ಬಿಟ್ಟು ಎದ್ದು ಬರುವುದು ಎಲ್ಲಕ್ಕಿಂತ ಕೆಟ್ಟದ್ದು.

ನರ್ಸಕ್ಕ_ಬೆಳಗಾವಿ

ಎರಡನೆಯದು ನನಗೆ ದೆವ್ವಕ್ಕಿಂತ ದೊಡ್ಡ ವಿಷಯ. ಇಂಥ ಹೆಸರು ಬೀಳುವುದು ಯಾರ ಮೇಲೆ ಅಂತ ಗಮನಿಸಿ. ಗಂಡ ಸತ್ತವಳು, ಒಂಟಿಯಾಗಿ ಇರುವವಳು, ಜಮೀನಿನ ತಂಟೆ ಇರುವವಳು. ಆಕೆಗೆ ಓಣಿಯಲ್ಲಿ ನೀರು ತುಂಬಲೂ ಬಿಡದ ಪರಿಸ್ಥಿತಿ ಬರುತ್ತದೆ, ಕೈ ಮಾಡುವವರೂ ಇರುತ್ತಾರೆ. ಹಾಗಾಗಿ ನಿಮ್ಮ ಮೊದಲ ಭೇಟಿಯಲ್ಲೇ ಮನೆಯ ಹಿರಿಯರಿಗೆ ನೇರವಾಗಿ ಹೇಳಿ: "ನಾವು ಯಾರ ಹೆಸರನ್ನೂ ಹೇಳಲ್ಲ, ಯಾರ ಹೆಸರನ್ನೂ ಕೇಳಲ್ಲ. ಆ ಮಾತು ತೆಗೆದರೆ ನಾವು ಎದ್ದು ಹೋಗುತ್ತೇವೆ." ಸಪ್ಪಳ ಹೆಗ್ಗಣದ್ದು ಅಂತ ಬೂದಿಯಲ್ಲಿ ಗೊತ್ತಾದರೆ, ಅದನ್ನು ಮನೆಯೊಳಗೆ ಮಾತ್ರ ಹೇಳಿ ಬರಬೇಡಿ. ಹೆಸರು ಓಣಿಯಲ್ಲಿ ಹಬ್ಬಿದೆ, ಸತ್ಯವೂ ಓಣಿಗೆ ಗೊತ್ತಾಗಬೇಕು. ಮನೆಯ ಮಗನೇ ನಾಲ್ಕು ಮಂದಿ ಎದುರು ಹೇಳಲಿ. ಆಕೆಯ ಮೇಲೆ ಯಾರಾದರೂ ಕೈ ಮಾಡುವ ಲಕ್ಷಣ ಕಂಡರೆ 112, ಮಹಿಳಾ ಸಹಾಯವಾಣಿ 181.

ಮೈಮೇಲೆ ಬರುವುದು, ತಾನೇ ಕಲ್ಲು ಬೀಳುವುದು, ಬಟ್ಟೆ ಹೊತ್ತುವುದು, ನಮ್ಮ ಕಡೆ ಭಾನಾಮತಿ ಅನ್ನುತ್ತಾರಲ್ಲ, ಅಂಥ ಮನೆಗೆ ಹೋದಾಗ ಇನ್ನೂ ಎಚ್ಚರ ಬೇಕು. ಕೇರಳ ಮೂಲದ ವಿಚಾರವಾದಿ ಅಬ್ರಹಾಂ ಕೋವೂರ್ ಶ್ರೀಲಂಕಾದಲ್ಲಿ ಇಂಥ ಎಷ್ಟೋ ಮನೆಗಳನ್ನು ನೋಡಿದವರು. ಬಹಳ ಕಡೆ ಮನೆಯವರೇ ಒಬ್ಬರು ಮನಸ್ಸಿನ ಸಂಕಟದಲ್ಲಿ ಅದನ್ನು ಮಾಡುತ್ತಿರುವುದು ಕಂಡುಬಂತು. ಹಾಗೆ ಗೊತ್ತಾದಾಗ "ಸಿಕ್ಕಿಬಿದ್ದಳು!" ಅಂತ ಎಲ್ಲರೆದುರು ಎಳೆಯಬೇಡಿ. ಆ ಹುಡುಗಿ ಶಾಲೆ ಬಿಡಿಸಿದ್ದಕ್ಕೆ, ಬೇಡದ ಮದುವೆಗೆ, ಹೊಡೆತಕ್ಕೆ, ಹೇಳಲಾರದ ಇನ್ನೇನಕ್ಕೋ ಹಾಗೆ ಮಾಡುತ್ತಿರಬಹುದು. ಒಬ್ಬಳನ್ನೇ ಕೂರಿಸಿ, ಹೆಣ್ಣುಮಗಳೊಬ್ಬಳು ಮಾತಾಡಲಿ. ಮಗು ಆಗಿದ್ದರೆ ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ದೊಡ್ಡ ಚಿಕಿತ್ಸೆ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ನಮಗೆಲ್ಲ ಹತ್ತಿರವೇ ಇದೆ.

ನವನಗರ_ಸೆಕ್ಟರ್‌ವಾಸಿ

ಪಾಳು ಮನೆ ಬೇರೆ ಅಂತ ಮೇಲೆ ಬರೆದಿದ್ದಾರಲ್ಲ, ಅದಕ್ಕೊಂದು ಮಾತು. ಆಲಮಟ್ಟಿ ಹಿನ್ನೀರು ಬಂದಾಗ ಹಳೆಯ ಬಾಗಲಕೋಟೆಯಿಂದ ಎದ್ದು ನವನಗರಕ್ಕೆ ಬಂದ ಮನೆತನ ನಮ್ಮದು. ಖಾಲಿ ಬಿಟ್ಟ ಮನೆ ಅಂದರೆ ಯಾರದೂ ಅಲ್ಲದ ಮನೆ ಅಂತ ಅಲ್ಲ. ನಮ್ಮವ್ವನ ಹೆರಿಗೆ ಆದ ಕೋಣೆ, ಅಜ್ಜ ತೀರಿಕೊಂಡ ಪಡಸಾಲೆ ಅವು. ಅಲ್ಲಿ ಟಾರ್ಚ್ ಹಿಡಿದು "ಇಲ್ಲಿ ಒಂದು ಕುಟುಂಬ ಪೂರ್ತಿ ಸತ್ತಿದೆ" ಅಂತ ಕಥೆ ಕಟ್ಟಿದರೆ ಬದುಕಿರುವ ನಮಗೆ ನೋವಾಗುತ್ತದೆ. ಮುಳುಗಡೆ ಮನೆಗಳ ಗೋಡೆಯೂ ನೀರು ಕುಡಿದು ಸಡಿಲ ಆಗಿರುತ್ತದೆ, ಒಳಗೆ ಹಾವು ಇರುತ್ತದೆ. ಕೇಳಿ ಹೋಗಿ, ಇಲ್ಲವೇ ಹೋಗಬೇಡಿ.

ವಕೀಲ_ಜಮಖಂಡಿ

ಮೇಲಿನ ಮಾತಿಗೆ ಕಾನೂನಿನ ಬೆಂಬಲವೂ ಇದೆ. ಖಾಲಿ ಇದ್ದರೂ ಬೇರೆಯವರ ಸ್ವತ್ತಿಗೆ ಕೇಳದೆ ನುಗ್ಗಿದರೆ ಅತಿಕ್ರಮ ಪ್ರವೇಶದ ದೂರು ಕೊಡಬಹುದು.

ಬಾಡಿಗೆ_ಮನೆ_ತಿಲಕವಾಡಿ

ವಕೀಲ ಸರ್, ಒಂದು ಚಿಕ್ಕ ಪ್ರಶ್ನೆ. ನಾವು ಬೆಳಗಾವಿಯಲ್ಲಿ ಬಾಡಿಗೆಗೆ ಇದ್ದೇವೆ, ಹಳೆಯ ಹೆಂಚಿನ ಮನೆ. ಇಂಥ ತಂಡ ಕರೆಯಬೇಕಾದರೆ ಮಾಲೀಕರನ್ನು ಕೇಳಬೇಕಾ?

ವಕೀಲ_ಜಮಖಂಡಿ

ಮನೆಯೊಳಗೆ ಯಾರನ್ನು ಕರೆಯಬೇಕು ಅನ್ನುವುದು ವಾಸವಿರುವ ನಿಮ್ಮ ಹಕ್ಕು. ಆದರೆ ಹೆಂಚು ತೆಗೆಯುವುದು, ಗೋಡೆಗೆ ಮೊಳೆ ಹೊಡೆಯುವುದು, ವೈರಿಂಗ್ ಬಿಚ್ಚುವುದು, ಮನೆಯ ಚಿತ್ರ ಹೊರಗೆ ಹಾಕುವುದು ಇದ್ದರೆ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ತಂಡ ಕರೆಯುವ ಮೊದಲು ಮಾಲೀಕರಿಗೇ ಹೇಳಿ ಹೆಂಚು, ಅಟ್ಟ, ಗೀಸರ್, ಅರ್ಥಿಂಗ್ ನೋಡಿಸಿ. ಆ ದುರಸ್ತಿಯ ವಿಷಯ ನಿಮ್ಮ ಕರಾರಿನಲ್ಲಿ ಏನು ಬರೆದಿದೆ ಅಂತ ಒಮ್ಮೆ ಓದಿಕೊಳ್ಳಿ.